ಪಾಳಣಾಘರದಲ್ಲಿ ಎದೆಹಾಲು, ಪುಡಿಹಾಲು, ರಾಗಿ ಸರಿ, ಊಟದ ಡಬ್ಬಾ: ಎಷ್ಟು ಹೊತ್ತು ಇಡಬಹುದು, ಹೇಗೆ ತಿನ್ನಿಸಬೇಕು?

ಮುಲುಂಡ್ ತೊಟ್ಟಿಲು (ಪ್ರಶ್ನೆ)

ಮುಲುಂಡ್ ಪೂರ್ವದಲ್ಲಿ ಸೊಸೈಟಿಯ ನೆಲ ಅಂತಸ್ತಿನ ಫ್ಲ್ಯಾಟ್‌ನಲ್ಲಿ ಪಾಳಣಾಘರ (ಹಗಲು ಮಕ್ಕಳನ್ನು ನೋಡಿಕೊಳ್ಳುವ ಜಾಗ). ಬೆಳಿಗ್ಗೆ ಎಂಟೂವರೆಯಿಂದ ಸಂಜೆ ಆರೂವರೆ. ಒಟ್ಟು 9 ಮಕ್ಕಳು: 5 ತಿಂಗಳದ್ದು ಒಂದು, 7ರಿಂದ 11 ತಿಂಗಳ ಒಳಗಿನವು ಮೂರು, ಒಂದೂವರೆಯಿಂದ ಎರಡೂಮುಕ್ಕಾಲು ವರ್ಷದವು ಐದು. ನನ್ನ ಜೊತೆ ಮಕ್ಕಳನ್ನು ನೋಡಿಕೊಳ್ಳುವ ಇಬ್ಬರು ಮಾವಶಿಯರು (ಆಯಾಗಳು).

5 ತಿಂಗಳ ಮಗುವಿಗೆ ತಾಯಿ ಹಾಲು ಪಂಪ್ ಮಾಡಿ ಕಳಿಸುತ್ತಾರೆ. ಅದನ್ನು ಹೊರಗೆ ನಾಲ್ಕು ಗಂಟೆ ಇಡಬಹುದು ಅಂತ ಒಬ್ಬರು, ಆರು ಅಂತ ಇನ್ನೊಬ್ಬರು. ಯಾವುದು ಸರಿ? 7 ತಿಂಗಳ ಒಂದು ಮಗುವಿಗೆ ಪುಡಿಹಾಲು. ಪುಡಿಯನ್ನು ಅಳೆದು ಪೊಟ್ಟಣ ಮಾಡಿ, ಥರ್ಮಾಸಿನಲ್ಲಿ ಬಿಸಿನೀರು ಕೊಟ್ಟು ಹೋಗುತ್ತಾರೆ. ಇನ್ನೊಬ್ಬರು ರಾಗಿ ಸರಿಯನ್ನು ತೆಳ್ಳಗೆ ಮಾಡಿ ಬಾಟಲಿಗೇ ತುಂಬಿ, ನಿಪ್ಪಲ್ ತೂತು ಕತ್ತರಿಸಿ ಕಳಿಸುತ್ತಾರೆ. ‘ಬೇಗ ಕುಡಿದು ಮುಗಿಸುತ್ತೆ’ ಎನ್ನುವುದು ಅವರ ವಾದ. ದೊಡ್ಡ ಮಕ್ಕಳ ಡಬ್ಬಾದಲ್ಲಿ ದ್ರಾಕ್ಷಿ, ಚಿಕ್ಕಿ, ಶೇವು, ಉಪವಾಸದ ದಿನ ಸಾಬೂದಾಣಾ ಖಿಚಡಿ, ಎಲ್ಲವೂ ಬರುತ್ತೆ. ಒಂದು ಮಗುವಿಗೆ ಮೊಟ್ಟೆ ಆಗುವುದಿಲ್ಲ.

ಅಂದಾಜಿನ ಮಾತು ಬೇಡ. ಗಂಟೆ, ಅಳತೆ, ಕಾರಣ ಸಮೇತ ಹೇಳಿದರೆ ಮಾವಶಿಯರಿಗೆ ಮರಾಠಿಯಲ್ಲಿ ಬರೆದು ಗೋಡೆಗೆ ಅಂಟಿಸಬಹುದು.

ಮಾಟುಂಗಾ ಮಲ್ಲಿಗೆ

ಎದೆಹಾಲಿನದು ಮೊದಲು. ನಾಲ್ಕು ಗಂಟೆ ಎನ್ನುವ ಲೆಕ್ಕ 25 ಡಿಗ್ರಿ ಅಥವಾ ಅದಕ್ಕಿಂತ ತಣ್ಣಗಿನ ಕೋಣೆಯದು. ಏಪ್ರಿಲ್‌ನಲ್ಲೋ ಅಕ್ಟೋಬರ್‌ನಲ್ಲೋ ಮುಂಬಯಿಯ ಅಡುಗೆಮನೆ 30 ದಾಟಿರುತ್ತದೆ, ಮೇಲೆ ಗ್ಯಾಸ್ ಉರಿಯುತ್ತಿರುತ್ತದೆ. ಆರು ಗಂಟೆಯ ಮಾತು ಹಾಗಿರಲಿ, ಆ ನಾಲ್ಕನ್ನೂ ಇಲ್ಲಿಗೆ ಹೊಂದಿಸಬೇಡಿ. ಕಟ್ಟೆಯ ಮೇಲೆ ಇಡುವ ಹೊತ್ತು ಸೊನ್ನೆ ಎಂದೇ ನಿಯಮ ಮಾಡಿ. ಬಾಗಿಲಲ್ಲಿ ಕೈಗೆ ಬಂದದ್ದು ನೇರ ಫ್ರಿಜ್ಜಿಗೆ.

ಮನೆಯಿಂದ ನಿಮ್ಮಲ್ಲಿಗೆ ಬರುವ ದಾರಿ ಇದಕ್ಕಿಂತ ಮುಖ್ಯ. ಶಾಖ ತಡೆಯುವ ಚೀಲದೊಳಗೆ, ಪೂರ್ತಿ ಗಟ್ಟಿಯಾದ ಐಸ್‌ಪ್ಯಾಕ್ ಹಾಲಿನ ಪಾತ್ರೆಗೆ ತಾಗಿಕೊಂಡಂತೆ ಇಟ್ಟರೆ ಹಾಲು 24 ಗಂಟೆಯವರೆಗೂ ತಡೆಯುತ್ತದೆ. ಬರೀ ಟವೆಲ್ ಸುತ್ತಿ ತಂದರೆ ಅದು ಕೋಣೆಯ ಬಿಸಿಯಲ್ಲಿ ಇಟ್ಟಂತೆಯೇ.

ಫ್ರಿಜ್ಜಿನೊಳಗೆ 4 ಡಿಗ್ರಿ ಅಥವಾ ಕಡಿಮೆ ಇದ್ದರೆ ನಾಲ್ಕು ದಿನ. ಆದರೆ ನಿಮ್ಮ ಫ್ರಿಜ್ ಅಷ್ಟು ತಣ್ಣಗಿದೆಯೇ? ದೋಸೆ ಹಿಟ್ಟಿನ ಪಾತ್ರೆ ತುರುಕಿ, ದಿನಕ್ಕೆ ಐವತ್ತು ಸಲ ಬಾಗಿಲು ತೆಗೆಯುವ ಫ್ರಿಜ್ ಹೊರಗಿನ ಗುಂಡಿ ಏನೇ ತೋರಿಸಲಿ, ಒಳಗೆ 8-10ಕ್ಕೆ ಏರಿರಬಹುದು. ಒಂದು ಫ್ರಿಜ್ ಥರ್ಮಾಮೀಟರ್ ಒಳಗಿಟ್ಟು ಬೆಳಿಗ್ಗೆ, ಮಧ್ಯಾಹ್ನ ನೋಡಿ. ಹಾಲು ಹಿಂಬದಿಯ ತಣ್ಣಗಿನ ಜಾಗದಲ್ಲಿರಲಿ, ಬಾಗಿಲಿನ ಅರೆಯಲ್ಲಿ ಬೇಡ. ಒಂದೇ ಬಾಗಿಲಿನ ಫ್ರಿಜ್ಜಿನೊಳಗಿರುವ ಐಸ್ ಖಾನೆಯನ್ನು ಎರಡು ವಾರಕ್ಕಿಂತ ಹೆಚ್ಚು ನೆಚ್ಚಬೇಡಿ. ಬೇರೆ ಬಾಗಿಲಿರುವ ಫ್ರೀಜರ್ ಆದರೆ ಆರು ತಿಂಗಳು. ಗಟ್ಟಿ ಹಾಲನ್ನು ರಾತ್ರಿ ಫ್ರಿಜ್ಜಿಗೆ ಇಳಿಸಿ ಕರಗಿಸುವುದು ಒಳ್ಳೆಯದು. ಪೂರ್ತಿ ಕರಗಿದ ಮೇಲೆ ಫ್ರಿಜ್ಜಿನಲ್ಲಿ 24 ಗಂಟೆ, ಹೊರಗೆ ಒಂದೆರಡು ಗಂಟೆ. ಮತ್ತೆ ಗಟ್ಟಿ ಮಾಡುವ ಹಾಗಿಲ್ಲ.

ಎಷ್ಟು ಕಳಿಸಬೇಕು ಎಂದು ತಾಯಂದಿರು ಕೇಳಿಯೇ ಕೇಳುತ್ತಾರೆ. ಒಂದರಿಂದ ಆರು ತಿಂಗಳ ಮಗು ದಿನಕ್ಕೆ ಸರಾಸರಿ 750 ಮಿ.ಲೀ. ಕುಡಿಯುತ್ತದೆ. ಹಾಗಾಗಿ ತಾಯಿ ದೂರವಿರುವ ಪ್ರತಿ ಗಂಟೆಗೆ 30ರಿಂದ 45 ಮಿ.ಲೀ. ಹಿಡಿಯಿರಿ; ನಿಮ್ಮ ಹತ್ತು ಗಂಟೆಗೆ 300ರಿಂದ 450. ಆದರೆ 150ರ ಎರಡು-ಮೂರು ಬಾಟಲಿ ತುಂಬಿಸಿ ತರಿಸಬೇಡಿ. ಮಗು ಬಾಯಿ ಹಚ್ಚಿದ ಹಾಲಿನೊಳಗೆ ಎಂಜಲಿನ ಬ್ಯಾಕ್ಟೀರಿಯಾ ಸೇರುತ್ತದೆ, ಉಳಿದದ್ದನ್ನು ಎರಡು ಗಂಟೆಯೊಳಗೆ ಕುಡಿಸದಿದ್ದರೆ ಚೆಲ್ಲಬೇಕು. ಆ ಹಾಲು ಹಿಂಡಿದವರಿಗೆ ಗೊತ್ತು ಚೆಲ್ಲುವ ಸಂಕಟ. 60-90 ಮಿ.ಲೀ.ಯ ಸಣ್ಣ ಪಾತ್ರೆಗಳು, ಜೊತೆಗೆ ‘ಇನ್ನೂ ಬೇಕು’ ಎಂದರೆ ಕೊಡಲು 30ರದ್ದು ಒಂದೆರಡು.

ಬಿಸಿ ಮಾಡುವುದು ಬೆಚ್ಚಗಿನ ನೀರಿನ ಬೋಗುಣಿಯಲ್ಲಿಟ್ಟು, ಹದಿನೈದು ನಿಮಿಷ ಮೀರದಂತೆ. ಗ್ಯಾಸ್ ಮೇಲೆ ಬೇಡ. ಮೈಕ್ರೋವೇವ್ ಅಂತೂ ಬೇಡವೇ ಬೇಡ: ಹಾಲು ಒಂದೇ ಸಮ ಬಿಸಿಯಾಗುವುದಿಲ್ಲ, ಬಾಟಲಿ ಮುಟ್ಟಿದರೆ ತಣ್ಣಗೆ, ಒಳಗಿನ ಒಂದು ಗುಟುಕು ನಾಲಿಗೆ ಸುಡುವಷ್ಟು. ಮೇಲೆ ಕೆನೆ ನಿಂತಿದ್ದರೆ ಮೆಲ್ಲನೆ ತಿರುಗಿಸಿ ಬೆರೆಸಿ. ನೀಲಿ ಛಾಯೆ, ಹಳದಿ ಛಾಯೆ, ಸ್ವಲ್ಪ ಸೋಪಿನ ವಾಸನೆ ಇವು ಕೆಟ್ಟ ಲಕ್ಷಣವಲ್ಲ. ಹುಳಿ ವಾಸನೆ ಕೆಟ್ಟದ್ದು. ಎಷ್ಟೋ ಮಾವಶಿಯರು ಬಣ್ಣ ನೋಡಿ ಒಳ್ಳೆಯ ಹಾಲನ್ನೇ ಚೆಲ್ಲುತ್ತಾರೆ.

ಬಾಟಲಿಯೇ ಬೇಕೆಂದಿಲ್ಲ. ಊರಲ್ಲಿ ಒಳಲೆ ಇದೆ, ಇಲ್ಲಿ ವಾಟಿ (ಬಟ್ಟಲು)-ಚಮಚ ಇದೆ. ನಿಪ್ಪಲ್ಲಿನ ಸಂದುಗೊಂದು ತೊಳೆಯುವ ಕಷ್ಟ ಇರುವುದಿಲ್ಲ. ಆದರೆ ಒಳಲೆಯಲ್ಲೂ ಮಲಗಿಸಿ ಗಂಟಲಿಗೆ ಸುರಿದರೆ ನೆತ್ತಿಗೆ ಹತ್ತುತ್ತದೆ. ಮಗುವನ್ನು ತೊಡೆಯ ಮೇಲೆ ಅರೆ ಕೂತ ಭಂಗಿಯಲ್ಲಿ ಹಿಡಿದು, ತುದಿಯನ್ನು ಕೆಳತುಟಿಗೆ ತಾಗಿಸಿ, ಅದೇ ಹೀರಿಕೊಳ್ಳಲು ಬಿಡಬೇಕು. ಬಾಟಲಿ ಕೊಡುವುದಾದರೂ ದಿಂಬಿಗೆ ಒರಗಿಸಿಟ್ಟು ಹೋಗುವುದು ನಿಷೇಧ. ಹಾಲು ನಿಲ್ಲದೆ ಬರುತ್ತಿದ್ದರೆ ಮಗು ಮುಖ ತಿರುಗಿಸಲೂ ಆಗದೆ ನುಂಗುತ್ತಲೇ ಇರಬೇಕಾಗುತ್ತದೆ. ಶ್ವಾಸಕ್ಕೆ ಹೋಗುವ ಅಪಾಯ, ಕಿವಿಸೋಂಕು, ಹಲ್ಲು ಬಂದ ಮೇಲೆ ಹುಳುಕು.

ಹೇಳಿಬಿಡುತ್ತೇನೆ: ಆ ತಾಯಿಯ ಕಚೇರಿ ಹತ್ತಿರವಿದ್ದರೆ, ಮಗುವಿಗೆ 15 ತಿಂಗಳಾಗುವ ತನಕ ದಿನಕ್ಕೆ ಎರಡು ಹಾಲೂಡಿಸುವ ಬಿಡುವು ಕಾನೂನಿನಲ್ಲೇ ಇದೆ. 2017ರ ತಿದ್ದುಪಡಿಯ ನಂತರ 50 ಅಥವಾ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರ, ದಿನಕ್ಕೆ ನಾಲ್ಕು ಭೇಟಿ. ಕೇಳಿ ಪಡೆಯುವವರು ಕಡಿಮೆ.

ಕೊತ್ರೂಡದ ಧಾರವಾಡದವ

ಪುಡಿಹಾಲಿಂದು ನಾ ಹೇಳ್ತೀನ್ರಿ. ಸೀಲ್ ಇದ್ದ ಡಬ್ಬಿ ಒಳಗ ಕ್ರಿಮಿ ಇರೂದಿಲ್ಲ ಅನ್ನೂದು ದೊಡ್ಡ ತಪ್ಪು ತಿಳುವಳಿಕಿ. ಪುಡಿ ಸ್ಟೆರೈಲ್ ಅಲ್ಲ. ಕ್ರೋನೋಬ್ಯಾಕ್ಟರ್ ಅಂತ ಒಂದು ಬ್ಯಾಕ್ಟೀರಿಯಾ ಒಣಾ ಪುಡಿಯೊಳಗೂ ಬದುಕಿರ್ತದ. ಎರಡು ತಿಂಗಳ ಒಳಗಿನ ಕೂಸು, ದಿನ ತುಂಬದ ಹುಟ್ಟಿದ ಕೂಸು ಇವಕ್ಕ ಅದು ಮಿದುಳಿನ ತನಕ ಹೋಗಬಹುದು. ಅದಕ್ಕ ವಿಶ್ವ ಆರೋಗ್ಯ ಸಂಸ್ಥೆ 2007ರಾಗನ ಹೇಳೇದ: ನೀರು 70 ಡಿಗ್ರಿಕಿಂತ ಕಡಿಮಿ ಇರಬಾರದು, ಆ ಬಿಸಿಗೆ ಕ್ರಿಮಿ ಸಾಯ್ತದ. ಭಾಳ ಡಬ್ಬಿ ಮ್ಯಾಲೆ ‘ಉಗುರುಬೆಚ್ಚಗಿನ ನೀರು’ ಅಂತ ಬರದಿರ್ತಾರ. ನಿಮ್ಮಲ್ಲಿ 7 ತಿಂಗಳಿನ ಗಟ್ಟಿ ಕೂಸು ಅದ, ಖರೆ. ಆದ್ರ ನಾಳೆ ಇನ್ನೂ ಸಣ್ಣ ಕೂಸು ಬಂದ್ರ? ಒಂದ ಪದ್ಧತಿ ಇಟಗೊಂಡ್ರ ಮಾವಶಿಗೆ ಗೊಂದಲ ಆಗೂದಿಲ್ಲ. ಡಬ್ಬಿ ಮ್ಯಾಲೆ ಇಂತಿಷ್ಟಕಿಂತ ಬಿಸಿ ಬ್ಯಾಡ ಅಂತ ಬರದಿದ್ರ ಕೂಸಿನ ಡಾಕ್ಟರ್‌ನ ಕೇಳಿ ಬರೆಸಿಕೊಳ್ರಿ.

ಥರ್ಮಾಸ್ ಇಲ್ಲೇ ಕೈ ಕೊಡ್ತದ. ಮುಂಜಾನೆ ಏಳಕ್ಕ ತುಂಬಿದ ನೀರು ಹನ್ನೊಂದಕ್ಕ ಬೆಚ್ಚಗ ಇರ್ತದ, 70 ಇರೂದಿಲ್ಲ. ಸೊಸೈಟಿ ಫಿಲ್ಟರ್ ನೀರು ಅಂದ್ರೂ ಅಷ್ಟ: ನೀರು ಸ್ವಚ್ಛ ಇರಬಹುದು, ಪುಡಿಯೊಳಗಿನ ಕ್ರಿಮಿಗೆ ಏನೂ ಆಗೂದಿಲ್ಲ. ಥರ್ಮಾಸ್ ವಾಪಸ್ ಕಳಸ್ರಿ. ನಿಮ್ಮಲ್ಲೇ ಒಂದು ಲೀಟರ್ ನೀರು ಕುದಿಸಿ, ಮುಚ್ಚಿ, ಅರ್ಧ ತಾಸಿನ ಒಳಗ ಬಳಸ್ರಿ. ಬಾಟಲಿಗೆ ಮೊದಲು ನೀರು ಅಳದು ಹಾಕೂದು, ಆಮ್ಯಾಲೆ ಪುಡಿ. ಉಲ್ಟಾ ಮಾಡಿದ್ರ ಪುಡಿ ಜಾಗಾ ತಿಂದು ನೀರು ಕಡಿಮಿ ಆಗ್ತದ. ಡಬ್ಬಿಯೊಳಗಿನ ಚಮಚಾನ ಬಳಸಬೇಕು, ಚಾಕುವಿನ ಬೆನ್ನಿಂದ ಮಟ್ಟ ಮಾಡಬೇಕು, ಒತ್ತಿ ತುಂಬಬಾರದು. ನಮ್ಮ ಕಡೆ ಹೆಚ್ಚಿನ ಡಬ್ಬಿಗೆ 30 ಮಿ.ಲೀ. ನೀರಿಗೆ ಒಂದು ಚಮಚ. ಆದ್ರ ಓದದ ಹಾಕಬ್ಯಾಡ್ರಿ. ಕಲಿಸಿ, ನಳದ ಕೆಳಗ ಇಲ್ಲಾ ತಣ್ಣೀರ ಬೋಗಾಣಿಯೊಳಗ ತಿರುಗಿಸಿ ಆರಿಸಿ, ಮುಂಗೈ ಮ್ಯಾಲೆ ಎರಡು ಹನಿ ಬಿಟ್ಟು ನೋಡಿ ಕೊಡ್ರಿ. ಕುಡಿಯಾಕ ಶುರು ಮಾಡಿದ ಮ್ಯಾಲೆ ಒಂದು ತಾಸು. ಕಲಿಸಿ ಮುಟ್ಟದ ಇಟ್ಟಿದ್ದು ಹೊರಗ ಎರಡು ತಾಸು, ಫ್ರಿಜ್ಜಿನಾಗ 24 ತಾಸು. ಉಳದದ್ದು ಸಿಂಕಿಗೆ.

ಆ ಪುಡಿ ಪೊಟ್ಟಣನೂ ನನಗ ಸೇರೂದಿಲ್ಲ. ಎಷ್ಟು ಚಮಚ ಹಾಕ್ಯಾರ, ಯಾವ ಡಬ್ಬಿ, ಯಾವ ತಾರೀಖಿಗೆ ಒಡದಾರ, ಒಂದೂ ಗೊತ್ತಾಗೂದಿಲ್ಲ. ಮುಂಬಯಿ ಮಳಿಗಾಲದ ಹಸಿ ಗಾಳಿಗೆ ಪೊಟ್ಟಣದ ಪುಡಿ ಗಂಟು ಕಟ್ಟತದ. ಪೂರಾ ಡಬ್ಬಿನ ತರಿಸಿ, ಒಡದ ತಾರೀಖು ಬರದು, ಒಂದು ತಿಂಗಳಿಗೆ ತಗದ ಒಗೀರಿ. ಪುಡಿ ಉಳಿಸಾಕ ತೆಳ್ಳಗ ಕಲಿಸೂದು ಭಾಳ ಕಡೆ ನಡೀತದ. ನೀರು ಹೆಚ್ಚಾದ್ರ ಕೂಸಿನ ರಕ್ತದಾಗ ಸೋಡಿಯಂ ಇಳದು ಫಿಟ್ಸ್ ಬರಬಹುದು, ತೂಕನೂ ಏರೂದಿಲ್ಲ. ಪುಡಿ ಹೆಚ್ಚಾದ್ರ ಮೂತ್ರಪಿಂಡದ ಮ್ಯಾಲೆ ಭಾರ, ಮೈಯಾಗಿನ ನೀರು ಎಳಕೊಳ್ತದ, ಮಲಬದ್ಧತೆ.

ಬಾಟಲಿ ತೊಳಿಯೂದು: ಪೂರಾ ಬಿಚ್ಚಿ, ಸಾಬೂನು ಬ್ರಷ್ ಹಾಕಿ, ನೀರಾಗ ಮುಳುಗಿಸಿ ಐದು ನಿಮಿಷ ಕುದಿಸಿ, ಜಾಳಿಗಿ ಮ್ಯಾಲೆ ಹಂಗ ಒಣಗಾಕ ಬಿಡ್ರಿ. ಅರಿವಿಲೆ ಒರಸೂದು ಬ್ಯಾಡ, ಕುದಿಸಿದ್ದು ದಂಡ ಆಗ್ತದ. ಬಾಟಲಿ ಮ್ಯಾಲೆ ಐ.ಎಸ್. 14625 ಗುರುತು ನೋಡ್ರಿ. ನಮ್ಮ ಪುಣೇದಾಗ ಗುರುವಾರ ನೀರು ಬಂದ್ ಆಗೂದು ಹೊಸದಲ್ಲ. ನಿಮ್ಮಲ್ಲೂ ನೀರು ಹೋಗೂ ದಿನ ಇದ್ರ ಹಿಂದಿನ ದಿನನ ಕುಡಿಯೂ ನೀರು ಬ್ಯಾರೆ, ತೊಳಿಯೂ ನೀರು ಬ್ಯಾರೆ ಮುಚ್ಚಿಡ್ರಿ. ಟ್ಯಾಂಕರ್ ನೀರಿಲೆ ತೊಳದು ಕುದಿಸದ ಬಾಟಲಿಗೆ ಹಾಲು ಹಾಕಬ್ಯಾಡ್ರಿ.

ಇನ್ನ ಸರಿ. ಬಾಟಲಿ ಒಳಗ ಸರಿ ಹಾಕೂದು ಇವತ್ತ ನಿಲ್ಲಸ್ರಿ. ಕತ್ತರಿಸಿದ ನಿಪ್ಪಲ್ಲಿನಿಂದ ಗಟ್ಟಿ ಪದಾರ್ಥ ಒಮ್ಮೆಲೆ ಗಂಟಲಿಗೆ ಬರ್ತದ, ಕೂಸಿಗೆ ಅದನ್ನ ನಾಲಿಗಿಯಿಂದ ಹಿಂದ ತಳ್ಳಿ ನುಂಗೂ ಅವಕಾಶನ ಇರೂದಿಲ್ಲ. ತೆಳ್ಳಗ ಮಾಡಿದ್ರ ಹೊಟ್ಟಿ ತುಂಬತದ, ಶಕ್ತಿ ಸಿಗೂದಿಲ್ಲ. ಕೂಸಿನ ಹೊಟ್ಟಿ ಅಳತಿ ಮೈತೂಕದ ಕಿಲೋಕ್ಕ ಸುಮಾರು 30 ಮಿ.ಲೀ.; 8 ಕಿಲೋ ಕೂಸಿಗೆ 240. ಅಷ್ಟರಾಗ ನೀರು ತುಂಬಿದ್ರ ಉಳಿದದ್ದಕ್ಕ ಜಾಗಾ ಎಲ್ಲಿ? ಸರಿ ಹದ ಹಿಂಗ ನೋಡ್ರಿ: ಚಮಚ ವಾರಿ ಮಾಡಿದ್ರ ಗಳಕ್ಕನ ಸುರೀಬಾರದು, ಅಂಟಿಕೊಂಡು ನಿಧಾನ ಜಾರಬೇಕು. ಒಂದು ಚಮಚ ತುಪ್ಪ ಇಲ್ಲಾ ಎಣ್ಣಿ ಹಾಕಿದ್ರ ಶಕ್ತಿ ಏರತದ, ಹದಾನೂ ಮೆತ್ತಗಾಗ್ತದ. ಉಪ್ಪು ಸಕ್ರಿ ವರ್ಷ ತುಂಬೂ ತನಕ ಬ್ಯಾಡ.

6ರಿಂದ 8 ತಿಂಗಳಿಗೆ ದಿನಕ್ಕ 2-3 ಸಲ, ಎರಡು-ಮೂರು ದೊಡ್ಡ ಚಮಚಿಂದ ಶುರು ಮಾಡಿ 250 ಮಿ.ಲೀ. ವಾಟಿಯ ಅರ್ಧದ ತನಕ. 9ರಿಂದ 11ಕ್ಕ 3-4 ಸಲ, ಅರ್ಧ ವಾಟಿ. ವರ್ಷ ಆದ ಮ್ಯಾಲೆ ಮುಕ್ಕಾಲು ವಾಟಿಯಿಂದ ಪೂರ್ತಿ, ನಡುವ ಒಂದೆರಡು ತಿನಿಸು. ಇದರಾಗ ಮನಿದೂ ಸೇರೇದ, ಎಲ್ಲಾ ನೀವ ತುರಕಬೇಕಂತಿಲ್ಲ. ಮಿಕ್ಸಿಯಾಗ ರುಬ್ಬಿದ್ದನ್ನ ವರ್ಷದ ತನಕ ಎಳೀಬ್ಯಾಡ್ರಿ. ಒಂಬತ್ತು-ಹತ್ತು ತಿಂಗಳ ಒಳಗ ಸಣ್ಣ ಗಂಟು ಇರೂ ಊಟ ರೂಢಿ ಆಗದಿದ್ರ ಮುಂದ ಗಂಟು ಬಂದ ಕೂಡ್ಲೆ ಉಗಳತಾವ. ಬೆರಳಿಲೆ ಹಿಚುಕಿದ ವರಣ-ಭಾತ (ಬ್ಯಾಳಿ-ಅನ್ನ) ಸಾಕು, ಮಿಕ್ಸಿ ಬ್ಯಾಡ.

ಕುರ್ಲಾದ ಕುಡ್ಲದವಳು

ಡಬ್ಬಾದ ವಿಷಯಕ್ಕೆ ಬರ್ತೇನೆ. ‘ಅವನಿಗೆ ಹಲ್ಲು ಬಂದಿದೆ ಮಾರಾಯ್ರೆ, ಚಿಕ್ಕಿ ತಿಂತಾನೆ’ ಎನ್ನುವ ಪೋಷಕರಿಗೆ ಹೇಳಬೇಕಾದ್ದು ಇಷ್ಟು: ಮುಂದಿನ ಹಲ್ಲು ಕಚ್ಚಿ ತುಂಡು ಮಾಡುತ್ತದೆ, ಅರೆಯುವುದು ದವಡೆ ಹಲ್ಲು. ಮೊದಲ ದವಡೆ ಹಲ್ಲು ಬರುವುದು 13ರಿಂದ 19 ತಿಂಗಳಿಗೆ, ಎರಡನೆಯದು 23ರಿಂದ 33ಕ್ಕೆ. ನಡುವಿನ ಕಾಲವೇ ಅಪಾಯದ್ದು. ಕಚ್ಚಲು ಬರುತ್ತದೆ, ನುರಿಸಲು ಬರುವುದಿಲ್ಲ, ಓಡಲು ಮಾತ್ರ ಚೆನ್ನಾಗಿ ಬರುತ್ತದೆ! ಶ್ವಾಸನಾಳ ಅವರದೇ ಕಿರುಬೆರಳಿನಷ್ಟು.

ನಾಲ್ಕು ವರ್ಷದ ತನಕ ನಿಮ್ಮ ಬಾಗಿಲೊಳಗೆ ಬರಬಾರದ್ದು: ಇಡೀ ಶೇಂಗಾ, ಬಾದಾಮಿ, ಗೋಡಂಬಿ, ಫುಟಾಣಿ, ಪಾಪ್‌ಕಾರ್ನ್, ಚಿಕ್ಕಿ, ಗಟ್ಟಿ ಶೇವು, ಚಿವಡಾ, ಲಿಂಬೆ ಪೆಪ್ಪರ್‌ಮಿಂಟು. ಹಸಿ ಗಜ್ಜರಿ, ಸೇಬಿನ ತುಂಡೂ ಇಲ್ಲ. ಗಜ್ಜರಿ ಬೆರಳಲ್ಲಿ ಹಿಸುಕಿದರೆ ಮುದ್ದೆಯಾಗುವಷ್ಟು ಬೇಯಲಿ, ಸೇಬು ತುರಿಯಿರಿ. ದ್ರಾಕ್ಷಿಯನ್ನು ಅಡ್ಡಡ್ಡ ಎರಡು ಮಾಡಿ ‘ಕತ್ತರಿಸಿದ್ದೇನೆ’ ಎಂದರೆ ಪ್ರಯೋಜನ ಇಲ್ಲ, ಉರುಟು ಉರುಟಾಗಿಯೇ ಉಳಿಯುತ್ತದೆ, ಬಿರಡೆಯ ಹಾಗೆ ಕೂತುಬಿಡುತ್ತದೆ. ಉದ್ದುದ್ದಕ್ಕೆ ನಾಲ್ಕು ಸೀಳು. ಚೆರ್ರಿ ಟೊಮೇಟೊ ಹಾಗೆಯೇ. ಪುಣೆ ಕಡೆಯಿಂದ ಸೀತಾಫಲ ಬರುವ ಕಾಲದಲ್ಲಿ ಬೀಜ ಬಿಡಿಸಿ, ಬೆರಳಲ್ಲಿ ತಡವಿ ನೋಡಿದ ತಿರುಳು ಮಾತ್ರ. ಬೋರೆ, ನೇರಳೆ, ಹುಣಸೆ ಬೀಜಕ್ಕೂ ಅದೇ.

ಮೆತ್ತಗಿರುವುದೆಲ್ಲ ಸುರಕ್ಷಿತ ಅಂತ ಇಲ್ಲ. ಸಾಬೂದಾಣಾ ಖಿಚಡಿ ನೋಡಲು ಮೃದು. ಆರಿದ ಮೇಲೆ ಅಂಟಿನ ಉಂಡೆ, ಒಳಗೆ ಅರೆಬರೆ ಕುಟ್ಟಿದ ಶೇಂಗಾ. ಎರಡೂ ಬೇಡದ ಗುಣ ಒಂದೇ ತಟ್ಟೆಯಲ್ಲಿ. ಒಣ ಇಡ್ಲಿಯ ದೊಡ್ಡ ತುಂಡು, ಒಣ ಚಪಾತಿಯ ಸುರುಳಿ, ಪೀನಟ್ ಬಟರ್ ಚಮಚಗಟ್ಟಲೆ, ಪಾವಿನ ಮುದ್ದೆ ಎಲ್ಲ ಅಂಗುಳಿಗೆ ಅಂಟುತ್ತವೆ. ಇಡ್ಲಿಯನ್ನು ಸಾರಲ್ಲಿ ಅದ್ದಿ ಪುಡಿ ಮಾಡಿ, ಚಪಾತಿಯನ್ನು ವರಣದಲ್ಲಿ ನೆನೆಸಿ. ತುಂಡು 1 ಸೆಂ.ಮೀ. ಮೀರದಿರಲಿ.

ಮೀನಿನ ಡಬ್ಬಾ ನಮ್ಮವರೂ ಕಳಿಸುತ್ತಾರೆ, ಗೋವಾದವರೂ ಕಳಿಸುತ್ತಾರೆ. ಬಂಗುಡೆಯ ಸಣ್ಣ ಮುಳ್ಳನ್ನು ಒಂಬತ್ತು ಮಕ್ಕಳ ಗಲಾಟೆಯಲ್ಲಿ ಬಿಡಿಸಲಿಕ್ಕಾಗುವುದಿಲ್ಲ. ಮೀನು ಮನೆಯಲ್ಲಿ ರಾತ್ರಿಗೆ ಅಂತ ನಿಯಮ ಮಾಡಿ. ಮುಳ್ಳು ಸಿಕ್ಕಿತೆಂದು ಅನ್ನದ ಉಂಡೆ ನುಂಗಿಸುವ ಅಜ್ಜಿ ಔಷಧಿ ಮಾವಶಿಯರಿಗೆ ಹೇಳಿಕೊಡಲೇಬೇಡಿ.

ಮೊಟ್ಟೆ ಆಗದ ಮಗುವಿಗೆ: ಮೊಟ್ಟೆ ಅಂದರೆ ಆಮ್ಲೆಟ್ ಮಾತ್ರ ಅಲ್ಲ, ಕೇಕು, ಕೆಲವು ಬಿಸ್ಕತ್ತು, ಮೆಯೋನೀಸ್, ಹುಟ್ಟುಹಬ್ಬಕ್ಕೆ ಯಾರೋ ತರುವ ಪೇಸ್ಟ್ರಿ. ಆ ಮಗುವಿನ ತಟ್ಟೆ, ಚಮಚ, ಕೂರುವ ಜಾಗ ಬೇರೆ. ಮಹಾರಾಷ್ಟ್ರದ ಅಡುಗೆಯಲ್ಲಿ ನನಗೆ ಹೆಚ್ಚು ಹೆದರಿಕೆ ಶೇಂಗಾದ ಕೂಟದ್ದು, ಅಂದರೆ ಕುಟ್ಟಿದ ಶೇಂಗಾ ಪುಡಿಯದ್ದು. ಕೋಶಿಂಬೀರ್, ಆಮಟಿ, ಪಲ್ಯ ಎಲ್ಲದರಲ್ಲೂ ಒಂದು ಚಮಚ ಬಿದ್ದಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ನಾಳೆ ಶೇಂಗಾ ಅಲರ್ಜಿಯ ಮಗು ಬಂದರೆ ಕೇಳಬೇಕಾದ್ದು ‘ಶೇಂಗಾ ಇದೆಯಾ’ ಅಲ್ಲ, ‘ಕೂಟ ಹಾಕಿದ್ದೀರಾ’. ಮೊಟ್ಟೆ, ಶೇಂಗಾ, ಗೋಧಿ, ಹೊಸದು ಏನೇ ಆದರೂ ಮೊದಲ ಸಲ ಮನೆಯಲ್ಲಿ ಕೊಟ್ಟು, ಎರಡು-ಮೂರು ದಿನ ನೋಡಿ, ಆಮೇಲೆ ನಿಮ್ಮಲ್ಲಿಗೆ. ಮೈಯೆಲ್ಲ ದದ್ದು, ತುಟಿ-ಮುಖ ಊದುವುದು, ಮೇಲಿಂದ ಮೇಲೆ ವಾಂತಿ, ಗೊರಗೊರ ಉಸಿರು ಇದರಲ್ಲಿ ಎರಡು ಒಟ್ಟಿಗೆ ಕಂಡರೆ, ಅಥವಾ ಉಸಿರೊಂದೇ ಕಷ್ಟವಾದರೂ, ಪೋಷಕರಿಗಿಂತ ಮೊದಲು 108.

ಜೇನು ವರ್ಷದೊಳಗೆ ನೆಕ್ಕಿಸುವಂತಿಲ್ಲ. ಬಜೆ ತೇಯುವಾಗ, ಬಾಳಗುಟಿ (ಮಗುವಿಗೆ ತೇದು ನೆಕ್ಕಿಸುವ ಗಿಡಮೂಲಿಕೆ) ಕೊಡುವಾಗ ಒಂದು ಹನಿ ಹಾಕುವ ರೂಢಿ ಉಂಟು. ಜೇನಿನಲ್ಲಿರಬಹುದಾದ ಬಾಟುಲಿಸಂ ಬೀಜಾಣು ಮಗುವಿನ ಕರುಳಲ್ಲಿ ಮೊಳೆತು ವಿಷ ಬಿಡುತ್ತದೆ. ಮಲಬದ್ಧತೆಯಿಂದ ಶುರುವಾಗಿ ಕತ್ತು ಬೀಳುವ ತನಕ ಹೋಗುತ್ತದೆ. ಬೇಯಿಸಿದರೂ ಬೀಜಾಣು ಸಾಯುವುದಿಲ್ಲ. ಮನೆಯಿಂದ ಬಂದ ಗುಟಿ ನೀವು ಕೊಡಬೇಡಿ, ಅಷ್ಟೇ.

ಮುಲುಂಡ್ ತೊಟ್ಟಿಲು

ತುಂಬಾ ಉಪಯೋಗ ಆಯ್ತು. ಮೂರು ಸಂದೇಹ. ಬೆಳಿಗ್ಗೆ ಎಂಟೂವರೆಗೆ ಬಂದ ಅಕ್ಕಿ ಖಿಚಡಿಯ ಡಬ್ಬಾ ಹನ್ನೆರಡೂವರೆಗೆ ಬಿಸಿ ಮಾಡಿ ಕೊಡುತ್ತಿದ್ದೇವೆ, ಕುದಿ ಬರಿಸಿದರೆ ಸಾಕಲ್ಲವೇ? ಮಗು ಅರೆನಿದ್ರೆಯಲ್ಲಿ ಹಾಲು ಕುಡಿಯುವುದು ಸರಿಯೇ? ಮತ್ತೆ ಓಕರಿಸಿದಾಗಲೆಲ್ಲ ಮಾವಶಿ ಬೆನ್ನು ಗುದ್ದುತ್ತಾಳೆ, ನಿಜಕ್ಕೂ ಸಿಕ್ಕಿಕೊಂಡದ್ದು ಯಾವಾಗ ಅಂತ ಹೇಗೆ ತಿಳಿಯುವುದು?

ವಾಶಿ ವಾರ್ಡ್ ನಂ. 3 (ಮಕ್ಕಳ ವಿಭಾಗದ ನರ್ಸಿಂಗ್)

ಮೊದಲು ಖಿಚಡಿ. ಸಾಕಾಗುವುದಿಲ್ಲ. ಅಕ್ಕಿಯಲ್ಲಿ ಬ್ಯಾಸಿಲಸ್ ಸಿರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣು ಇರುತ್ತದೆ, ಅನ್ನ ಬೇಯಿಸಿದರೂ ಸಾಯುವುದಿಲ್ಲ. 5ರಿಂದ 60 ಡಿಗ್ರಿಯ ನಡುವೆ ಅನ್ನ ಕೂತರೆ ಮೊಳೆತು ವಿಷ ಮಾಡುತ್ತದೆ. ವಾಂತಿ ತರಿಸುವ ಆ ವಿಷ ಮತ್ತೆ ಕುದಿಸಿದರೂ ಹೋಗುವುದಿಲ್ಲ. ನಿಮ್ಮ ಕುದಿ ಬ್ಯಾಕ್ಟೀರಿಯಾವನ್ನು ಕೊಲ್ಲಬಹುದು, ಅದು ಮಾಡಿಟ್ಟದ್ದನ್ನಲ್ಲ. ಎರಡು ಗಂಟೆ ಮಿತಿ; ಹೊರಗೆ 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ. ಡಬ್ಬಾ ಬಂದ ಕೂಡಲೇ ಫ್ರಿಜ್ಜಿಗೆ ಹಾಕಿ, ಊಟದ ಹೊತ್ತಿಗೆ ಪೂರ್ತಿ ಹೊಗೆಯಾಡುವಂತೆ ಬಿಸಿ ಮಾಡಿ, ಆರಿಸಿ ಕೊಡಿ. ಬಿಸಿ ಮುಚ್ಚಳ ಬಿಗಿದ ಡಬ್ಬಾವನ್ನು ಚೀಲದಲ್ಲಿ ಬೆಚ್ಚಗಿಟ್ಟು ಕಳಿಸುವುದು ಪ್ರೀತಿಯಿಂದಲೇ, ಆದರೆ ಬ್ಯಾಕ್ಟೀರಿಯಾಕ್ಕೂ ಅದೇ ಬೆಚ್ಚಗೆ ಇಷ್ಟ. ನನ್ನ ಅಭಿಪ್ರಾಯ ಕೇಳಿದರೆ, ವರ್ಷ ದಾಟಿದ ಐದು ಮಕ್ಕಳಿಗೆ ಮಧ್ಯಾಹ್ನ ನಿಮ್ಮಲ್ಲೇ ಕುಕ್ಕರ್ ಇಡಿ. ಐದು ಡಬ್ಬಾ ಸಂಭಾಳಿಸುವುದಕ್ಕಿಂತ ಒಂದು ಕುಕ್ಕರ್ ಸುಲಭ.

ಅರೆನಿದ್ರೆಯಲ್ಲಿ ಕೊಡಬೇಡಿ. ನಿದ್ರೆಯಲ್ಲಿ ಚೀಪುವಿಕೆ ನಡೆಯಬಹುದು, ನುಂಗುವುದು-ಉಸಿರಾಡುವುದರ ಹೊಂದಾಣಿಕೆ ತಪ್ಪುತ್ತದೆ. ಅಳುವಾಗ, ನಗಿಸುತ್ತಾ, ಮೊಬೈಲ್ ತೋರಿಸುತ್ತಾ ತುರುಕುವುದಕ್ಕೂ ಇದೇ ಮಾತು. ‘ಒಂದು ತುತ್ತು ಕಾಗೆಗೆ, ಒಂದು ಗುಬ್ಬಿಗೆ’ ಎನ್ನಿ, ತೊಂದರೆಯಿಲ್ಲ, ಆದರೆ ಮಗು ಕೂತಿರಲಿ. ಅಂಗಳದಲ್ಲಿ ಅದರ ಹಿಂದೆ ವಾಟಿ ಹಿಡಿದು ಓಡುವುದು ಬೇಡ. ಬಾಯಿ ಮುಚ್ಚಿತು, ಮುಖ ತಿರುಗಿಸಿತು, ಚಮಚ ತಳ್ಳಿತು ಎಂದರೆ ಮುಗಿಯಿತು. ವಾಟಿ ಖಾಲಿ ಮಾಡಿಸಬೇಕೆಂದು ಪೋಷಕರಿಗೆ ಮಾತು ಕೊಡಬೇಡಿ.

ಈಗ ಮುಖ್ಯವಾದದ್ದು. ಓಕರಿಕೆಗೆ ಸದ್ದಿದೆ: ಮುಖ ಕೆಂಪಾಗುತ್ತದೆ, ನಾಲಿಗೆ ಮುಂದೆ ಬರುತ್ತದೆ, ಕೆಮ್ಮುತ್ತದೆ, ಅಳುತ್ತದೆ. ಗಂಟು ಊಟ ಕಲಿಯುವ ಮಗುವಿನಲ್ಲಿ ಇದು ದಿನವೂ ಆಗುವಂಥದ್ದು. ಆಗ ಬೆನ್ನು ಗುದ್ದಿದರೆ, ಬಾಯಿಗೆ ಬೆರಳು ಹಾಕಿದರೆ ಮೇಲೆ ಬರುತ್ತಿದ್ದ ತುಂಡು ಒಳಗೆ ಹೋಗಬಹುದು. ಮುಂದಕ್ಕೆ ಬಗ್ಗಿಸಿ ಹಿಡಿದು ಕೆಮ್ಮಲು ಬಿಡಿ. ಸಿಕ್ಕಿಕೊಂಡದ್ದಕ್ಕೆ ಸದ್ದೇ ಇರುವುದಿಲ್ಲ. ಕಣ್ಣು ಅಗಲ, ಅಳು ಹೊರಡುವುದಿಲ್ಲ, ಕೆಮ್ಮಿಗೆ ಬಲವಿಲ್ಲ, ತುಟಿ ನೀಲಿ. ಹೀಗಾಗಿಯೇ ತಿನ್ನುವಾಗ ಒಬ್ಬರು ಎದುರಿಗೆ ಕೂತು ಮುಖ ನೋಡುತ್ತಿರಬೇಕು. ಅಡುಗೆಮನೆಯಿಂದ ಕಿವಿಗೊಟ್ಟರೆ ಗೊತ್ತಾಗುವುದಿಲ್ಲ.

ವರ್ಷದೊಳಗಿನದು: ಮುಂಗೈ ಮೇಲೆ ಬೋರಲು, ತಲೆ ಎದೆಗಿಂತ ಕೆಳಗೆ, ದವಡೆಗೆ ಆಸರೆ. ಎರಡು ಹೆಗಲಮೂಳೆಯ ನಡುವೆ ಅಂಗೈ ಬುಡದಿಂದ 5 ಗುದ್ದು. ಹೊರಬರದಿದ್ದರೆ ಅಂಗಾತ ತಿರುಗಿಸಿ ಎದೆಮೂಳೆಯ ಮೇಲೆ 5 ಒತ್ತು. ಮೊದಲು ಎರಡು ಬೆರಳಿನಿಂದ ಒತ್ತಲು ಕಲಿಸುತ್ತಿದ್ದರು; 2025ರ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಮಾರ್ಗಸೂಚಿಯಲ್ಲಿ ಒಂದು ಅಂಗೈ ಬುಡ ಎಂದಾಗಿದೆ. ತುಂಡು ಬರುವ ತನಕ ಅಥವಾ ಮಗು ಪ್ರಜ್ಞೆ ತಪ್ಪುವ ತನಕ ಐದೈದು ಮುಂದುವರಿಸಿ. ಹೊಟ್ಟೆ ಒತ್ತುವುದು ಈ ವಯಸ್ಸಿಗೆ ಇಲ್ಲ, ಯಕೃತ್ತಿಗೆ ಪೆಟ್ಟಾಗುತ್ತದೆ. ವರ್ಷ ದಾಟಿದ್ದಕ್ಕೆ 5 ಬೆನ್ನು ಗುದ್ದು, ನಂತರ ಹಿಂದಿನಿಂದ ಮಂಡಿಯೂರಿ ಹೊಕ್ಕುಳಿನ ಸ್ವಲ್ಪ ಮೇಲೆ ಮುಷ್ಟಿಯಿಟ್ಟು ಒಳಕ್ಕೆ-ಮೇಲಕ್ಕೆ 5. ಪ್ರಜ್ಞೆ ತಪ್ಪಿದರೆ ಗಟ್ಟಿ ನೆಲದ ಮೇಲೆ ಮಲಗಿಸಿ 30 ಎದೆ ಒತ್ತು, 2 ಉಸಿರು; ಉಸಿರು ಕೊಡುವ ಮುಂಚೆ ಪ್ರತಿ ಸಲ ಬಾಯೊಳಗೆ ನೋಡಿ, ಕಂಡರೆ ಮಾತ್ರ ತೆಗೆಯಿರಿ. ಒಬ್ಬರು ಇದನ್ನು ಮಾಡುತ್ತಿರುವಾಗಲೇ ಇನ್ನೊಬ್ಬರು 108 ಹಚ್ಚಿ ಫೋನ್ ಸ್ಪೀಕರ್‌ಗೆ ಹಾಕಬೇಕು. ಓದಿ ಕಲಿಯುವ ವಿದ್ಯೆ ಅಲ್ಲ ಇದು. ಬೊಂಬೆಯ ಮೇಲೆ ಮೂವರೂ ಮಾಡಿ ನೋಡಬೇಕು.

ಒಂದನ್ನು ಯಾರೂ ಹೇಳುವುದಿಲ್ಲ. ಶೇಂಗಾ ತಿನ್ನುವಾಗ ಜೋರಾಗಿ ಕೆಮ್ಮಿ, ಆಮೇಲೆ ಸರಿಹೋದ ಮಗುವಿಗೆ ಎರಡು ದಿನ ಬಿಟ್ಟು ಕೆಮ್ಮು, ಒಂದೇ ಕಡೆ ಗೊರಗೊರ ಬಂದರೆ, ತುಂಡು ಶ್ವಾಸನಾಳದ ಕವಲಿಗೆ ಇಳಿದಿರಬಹುದು. ಮನೆಯವರು ಶೀತವೆಂದು ಸಿರಪ್ ಕೊಡುತ್ತಾರೆ, ಯಾಕೆಂದರೆ ನಿಮ್ಮಲ್ಲಿ ಆದದ್ದು ಅವರಿಗೆ ಗೊತ್ತಿರುವುದಿಲ್ಲ. ಎಕ್ಸ್‌ರೇಯಲ್ಲೂ ಶೇಂಗಾ ನೇರವಾಗಿ ಕಾಣುವುದಿಲ್ಲ. ಆ ದಿನದ ಕೆಮ್ಮನ್ನು ಸಂಜೆಯೇ ಹೇಳಿ, ಬರೆದು ಕೊಡಿ.

ಮಾಟುಂಗಾ ಮಲ್ಲಿಗೆ

ಕೊತ್ರೂಡದವರು ಹೇಳಿದ ತುಪ್ಪಕ್ಕೆ ಒಂದು ತಿದ್ದುಪಡಿ: ದೊಡ್ಡ ಚಮಚ ಅಲ್ಲ, ಚಹಾ ಚಮಚ ಎಂದು ಗೋಡೆಯ ಮೇಲೆ ಬರೆಯಿರಿ. ಮತ್ತೆ, 5 ತಿಂಗಳ ಮಗುವಿಗೆ ಬಿಸಿಲೆಂದು ನೀರು ಕುಡಿಸಬೇಡಿ. ಆರು ತಿಂಗಳ ತನಕ ಹಾಲೇ ನೀರು. ಹಸುವಿನ ಹಾಲು ಮುಖ್ಯ ಹಾಲಾಗಿ ವರ್ಷದ ನಂತರ.

ಮುಲುಂಡ್ ತೊಟ್ಟಿಲು

ಸರಿ. ಗೋಡೆಯ ಹಾಳೆ ಬಿಟ್ಟು, ಪ್ರತಿ ಮಗುವಿಗೆ ದಿನದ ಚೀಟಿ ಇಡಬೇಕೆಂದಿದ್ದೇನೆ. ಏನೇನು ಇರಬೇಕು?

ವಾಶಿ ವಾರ್ಡ್ ನಂ. 3

ಕಡಿಮೆ ಇರಲಿ, ಇಲ್ಲದಿದ್ದರೆ ಮೂರನೇ ದಿನಕ್ಕೆ ಯಾರೂ ತುಂಬುವುದಿಲ್ಲ. ಬೆಳಿಗ್ಗೆ ಪೋಷಕರು ಬರೆಯುವುದು: ಕೊನೆಯ ಸಲ ಹಾಲು ಕುಡಿದದ್ದು ಎಷ್ಟಕ್ಕೆ, ಕಳಿಸಿದ್ದರಲ್ಲಿ ಹೊಸ ಪದಾರ್ಥ ಏನಾದರೂ ಇದೆಯೇ. ನೀವು ಬರೆಯುವುದು: ಏನು, ಎಷ್ಟಕ್ಕೆ, ಎಷ್ಟು ಕುಡಿಯಿತು ಅಥವಾ ತಿಂದಿತು, ಎಷ್ಟು ಚೆಲ್ಲಿದಿರಿ, ಯಾರು ಕೊಟ್ಟರು. ‘ಯಾರು ಕೊಟ್ಟರು’ ಬಿಡಬೇಡಿ. ಇಬ್ಬರು ಮಾವಶಿಯರೂ ಒಂದೇ ಮಗುವಿಗೆ ಎರಡು ಸಲ ಕೊಡುವುದು, ಅಥವಾ ‘ಅವಳು ಕೊಟ್ಟಿದ್ದಾಳೆ’ ಎಂದು ಇಬ್ಬರೂ ಬಿಡುವುದು ಅಲ್ಲೇ ಸಿಗುತ್ತದೆ. ವಾಂತಿ, ಭೇದಿ, ಗಂಟಲಿಗೆ ಸಿಕ್ಕಿದ್ದು ಇದ್ದರೆ ಕೆಂಪು ಶಾಯಿ. ಡೈಪರ್ ಬದಲಿಸಿದವರು ಕೈಯನ್ನು ಸಾಬೂನಿನಿಂದ 20 ಸೆಕೆಂಡ್ ತೊಳೆಯದೆ ಚೀಟಿ, ಬಾಟಲಿ ಎರಡನ್ನೂ ಮುಟ್ಟುವಂತಿಲ್ಲ. ಡೈಪರ್ ತೊಳೆಯುವ ಸಿಂಕ್ ಬೇರೆ, ಬಾಟಲಿಯದು ಬೇರೆ. ಇರುವುದು ಒಂದೇ ಸಿಂಕ್ ಎಂದಾದರೆ ಡೈಪರ್ ಕೆಲಸ ಬಚ್ಚಲಿಗೆ.

ಆಕಸ್ಮಿಕವಾಗಿ ಒಬ್ಬರ ಎದೆಹಾಲು ಇನ್ನೊಂದು ಮಗುವಿಗೆ ಹೋದರೆ ಅದೂ ಕೆಂಪು ಶಾಯಿಯೇ. ಎರಡೂ ತಾಯಂದಿರಿಗೆ ಅದೇ ದಿನ ಹೇಳಿ, ಮಗುವಿನ ಡಾಕ್ಟರ್‌ಗೂ ತಿಳಿಸಿ.

ಕೊತ್ರೂಡದ ಧಾರವಾಡದವ

ಲೇಬಲ್ಲಿಗೆ ಸೆಲ್ಲೋಟೇಪ್ ಬ್ಯಾಡ, ಫ್ರಿಜ್ಜಿನ ತೇವಕ್ಕ ಕಿತಗೊಂಡು ಹೋಗ್ತದ. ಬಣ್ಣ ಬಳಿಯೋರು ಹಚ್ಚೂ ಮಾಸ್ಕಿಂಗ್ ಟೇಪ್ ಮ್ಯಾಲೆ ನೀರಿಗೆ ಅಳಿಸದ ಮಾರ್ಕರ್‌ಲೆ ಹೆಸರು, ತಾರೀಖು, ಹಿಂಡಿದ ತಾಸು ಬರೀರಿ. ಹಳೇದು ಮುಂದ, ಹೊಸಾದು ಹಿಂದ ಇಡ್ರಿ. ಕರೆಂಟ್ ಹೋದ್ರ ಬಾಗಲಾ ತಗೀಬ್ಯಾಡ್ರಿ. ಮುಚ್ಚಿದ ಫ್ರಿಜ್ ನಾಕು ತಾಸು ತಡೀತದ. ಹೋದ ಹೊತ್ತು ಬಾಗಲಾ ಮ್ಯಾಲೇನ ಬರದ ಅಂಟಸ್ರಿ.